ಅಕ್ಕಿ ಬಂತು, ಸಾರಿಗೆ ಬೇಳೆ ಎಲ್ಲಿ?

ಕಡೂರು: ಸೊಸೈಟಿ ಮುಂದೆ ಚೀಲ ಹಿಡಿದವರ ಸಾಲು ಕಂಡರೆ ಹೊಸಬರಿಗೆ ಬರಗಾಲ ಬಂತೇನೋ ಅನ್ನಿಸಬೇಕು. ಬರ ಅಲ್ಲ, ಪಡಿತರ. ಕಾಸು ಬೇಡ, ಹೆಬ್ಬೆಟ್ಟು ಒತ್ತಿದರೆ ಅಕ್ಕಿ. ತರೀಕೆರೆ ಕಡೆ ಅಡಿಕೆ ಸುಲಿದು, ಅಜ್ಜಂಪುರದ ಕಡೆ ಈರುಳ್ಳಿ ಕಿತ್ತು ಬೆರಳ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಒಪ್ಪದೆ ಸತಾಯಿಸುತ್ತೆ, ಆ ರಗಳೆ ಬೇರೆ.

ಅನ್ನಭಾಗ್ಯ ಶುರುವಾದದ್ದು 2013ರ ಜುಲೈನಲ್ಲಿ. ಕೆ.ಜಿ.ಗೆ ಒಂದು ರೂಪಾಯಿ, ದೊಡ್ಡ ಸಂಸಾರಕ್ಕೆ ತಿಂಗಳಿಗೆ 30 ಕೆ.ಜಿ. 2015ರ ಮೇ ತಿಂಗಳಿಂದ ತಲೆಗೆ 5 ಕೆ.ಜಿ., ಅದೂ ಪುಕ್ಕಟೆ. ಮಳೆ ಕೈಕೊಟ್ಟು ಕೂಲಿ ನಿಂತ ತಿಂಗಳಲ್ಲೂ ಒಲೆ ಉರಿಯುವುದಕ್ಕೆ ಈ ಅಕ್ಕಿಯೇ ದಿಕ್ಕು. ಸೋಮಾರಿಗಳಾದರು ಅನ್ನುವವರು ಅಂಗಡಿಯ ಉದ್ರಿ ಪುಸ್ತಕ ತೆಗೆದು ನೋಡಲಿ: ಅಕ್ಕಿ ಬಾಕಿ ಎಷ್ಟಿತ್ತು, ಈಗ ಎಷ್ಟಿದೆ?

ಆದರೆ ಹೊಟ್ಟೆ ತುಂಬುವುದು ಒಂದು, ಮೈಗೆ ಹತ್ತುವುದು ಇನ್ನೊಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಹಿಂದಿನ ಸಮೀಕ್ಷೆಗಿಂತ ಎರಡೂ ಜಾಸ್ತಿ! ತಟ್ಟೆಯಲ್ಲಿ ಅನ್ನ ಗುಡ್ಡದಷ್ಟು, ಸಾರು ತಿಳಿ ನೀರು. ಬೇಳೆ, ಸೊಪ್ಪು, ಮೊಟ್ಟೆಗೆ ಕಾಸು ಬಿಚ್ಚಲೇಬೇಕು.

ಇನ್ನೂ ಒಂದು ತಮಾಷೆ. ಕಡೂರು ರಾಗಿಯ ಸೀಮೆ. 100 ಗ್ರಾಂ ರಾಗಿಯಲ್ಲಿ ಸುಣ್ಣದಂಶ 340 ಮಿಲಿಗ್ರಾಂ ದಾಟುತ್ತೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂ. ಸಾಲ ಇರುವ ಸಣ್ಣ ರೈತ ಏನು ಮಾಡ್ತಾನೆ? ರಾಗಿ ಖರೀದಿ ಕೇಂದ್ರಕ್ಕೆ, ಬಿಟ್ಟಿ ಅಕ್ಕಿ ಮನೆಗೆ. ಅವನನ್ನು ಬೈದು ಪ್ರಯೋಜನವಿಲ್ಲ.

2023ರ ಜುಲೈನಲ್ಲಿ ಇನ್ನೂ 5 ಕೆ.ಜಿ. ಕೊಡಲು ಸರ್ಕಾರಕ್ಕೆ ಅಕ್ಕಿ ಸಿಗಲಿಲ್ಲ. ಬದಲಿಗೆ ಕೆ.ಜಿ.ಗೆ 34 ರೂ.ನಂತೆ ತಲೆಗೆ 170 ರೂ. ಖಾತೆಗೆ ಹಾಕಿದರು. ಐದು ಜನರಿದ್ದ ಮನೆಗೆ 850 ರೂ., ತಿಂಗಳ ಬೇಳೆ, ಎಣ್ಣೆಗೆ ಆಗುವಂಥ ದುಡ್ಡು. ಆದರೆ ದುಡ್ಡಿಗೆ ಹೆಸರಿಲ್ಲ. ಔಷಧಿ, ಸಂಘದ ಕಂತು, ಬಸ್ ಚಾರ್ಜು ಎಲ್ಲವೂ ಬೇಳೆಗಿಂತ ಮುಂಚೆ ಕೈಚಾಚುತ್ತವೆ. 2025ರ ಫೆಬ್ರವರಿಯಿಂದ ದುಡ್ಡು ನಿಂತು ಮತ್ತೆ ಅಕ್ಕಿಯೇ ಬಂತು, ತಲೆಗೆ 10 ಕೆ.ಜಿ. ಉಂಡು ಮಿಕ್ಕಿದ್ದು ಯಾವ ಗಾಡಿ ಹತ್ತುತ್ತೆ ಅನ್ನೋದು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ.

ಮಕ್ಕಳ ಪಾಡು ಸ್ವಲ್ಪ ವಾಸಿ. ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು, ಬಿಸಿಯೂಟ, ಆಮೇಲೆ ಮೊಟ್ಟೆಯೂ ಸೇರಿತು. ಮನೆಯಲ್ಲಿ ಕೊನೆಗೆ ಉಣ್ಣುವ ತಾಯಿಗೆ ಮಾತ್ರ ತಳದ ಸಾರು.

2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ, ಹೆಚ್ಚುವರಿ 5 ಕೆ.ಜಿ. ಅಕ್ಕಿ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ‘ಇಂದಿರಾ ಕಿಟ್’ ಕೊಡುವ ತೀರ್ಮಾನ ಮಾಡಿತು. ಬೇಳೆ, ಎಣ್ಣೆಯನ್ನು ಹಿಂದೆಯೂ ಕೆಲ ಕಾಲ ಕಡಿಮೆ ದರಕ್ಕೆ ಕೊಟ್ಟು ನಿಲ್ಲಿಸಿದ್ದುಂಟು. ಚೀಲದಲ್ಲಿ ಬೇಳೆ ತಿಂಗಳು ತಿಂಗಳೂ ತಪ್ಪದೆ ಬರುತ್ತದೆಯೇ ಅನ್ನುವುದೇ ಸಾಲಿನಲ್ಲಿ ನಿಂತವರ ಲೆಕ್ಕ.