ಮೂರು ದೇಶದ ಬಿಲ್ಲು, ಒಂದು ಕೆಂಪು ದೀಪ

ಶಿವಮೊಗ್ಗದ ರವೀಂದ್ರನಗರದಲ್ಲಿರುವ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಒಂದು ನೋಟ್‌ಬುಕ್ ಇದೆ. ಹಾಲಿನ ಲೆಕ್ಕಕ್ಕೆಂದು ಶುರು ಮಾಡಿದ್ದು, ಮೊದಲ ಕೆಲವು ಹಾಳೆಗಳಲ್ಲಿ ಈಗಲೂ ಅರ್ಧ ಲೀಟರು, ಒಂದು ಲೀಟರುಗಳೇ ಇವೆ. ಆಮೇಲೆ ಗೆರೆ ಎಳೆದು ಆರು ಕಾಲಂ ಮಾಡಿದ್ದಾರೆ: ತಾರೀಕು, ಊರು, ಡೌನ್‌ಲೋಡ್, ಅಪ್‌ಲೋಡ್, ಬಿಲ್ಲು, ಷರಾ. ಊರಿನ ಕಾಲಂನಲ್ಲಿ ಮೂರೇ ಹೆಸರು ಮತ್ತೆ ಮತ್ತೆ ಬರುತ್ತವೆ: ರವೀಂದ್ರನಗರ, ರೆಡಿಂಗ್, ಮೆಲ್ಬರ್ನ್. ದೇಶದೇಶಗಳ ಇಂಟರ್‌ನೆಟ್ ವೇಗದ ಪಟ್ಟಿಗಳನ್ನು ಪತ್ರಿಕೆಗಳಲ್ಲಿ ಎಷ್ಟೋ ನೋಡಿದ್ದೇನೆ. ಇಷ್ಟು ನಂಬಿಕೆ ಹುಟ್ಟಿಸಿದ ಪಟ್ಟಿ ಇನ್ನೊಂದಿಲ್ಲ.

ಕತೆ ಶುರುವಾಗಿದ್ದು ಜಗಳದಿಂದ. ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಮಗ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಮೇಷ್ಟ್ರ ದಂಪತಿ ವಿಡಿಯೊ ಕಾಲ್‌ಗೆ ಕೂರುತ್ತಾರೆ. ರೆಡಿಂಗ್‌ನಲ್ಲಿ ಆಗ ಬೆಳಗಿನ ಕಾಫಿ ಹೊತ್ತು, ಮೆಲ್ಬರ್ನ್‌ನಲ್ಲಿ ಸಂಜೆ. ಮುಖ ನಿಂತಲ್ಲೇ ನಿಂತು ಮಾತು ತುಂಡಾದಾಗಲೆಲ್ಲ ಮಗ, "ಅಪ್ಪಾ, ನಿಮ್ಮ ಕಡೆ ನೆಟ್ ಸರಿ ಇಲ್ಲ" ಅನ್ನುತ್ತಿದ್ದನಂತೆ. ಮೇಷ್ಟ್ರು ಗಣಿತ ಪಾಠ ಮಾಡಿದವರು. ಲೆಕ್ಕ ತೋರಿಸದೆ ಉತ್ತರ ಬರೆದವರಿಗೆ ಅಂಕ ಕೊಟ್ಟವರಲ್ಲ. "ಹಾಗಾದ್ರೆ ಮೂರೂ ಮನೇಲಿ ಅಳತೆ ಮಾಡೋಣ" ಎಂದರು.

ಅಳೆದಾಗ ಬಂದದ್ದು ಇದು. ರವೀಂದ್ರನಗರ: ಡೌನ್‌ಲೋಡ್ 41 ಎಂಬಿಪಿಎಸ್, ಅಪ್‌ಲೋಡ್ 40. ರೆಡಿಂಗ್: 66 ಮತ್ತು 17. ಮೆಲ್ಬರ್ನ್: 38 ಮತ್ತು 14. ವಿಡಿಯೊ ಕಾಲ್‌ನಲ್ಲಿ ನಮ್ಮ ಮುಖ ಆಚೆಯವರಿಗೆ ಕಾಣಬೇಕಾದರೆ ಬೇಕಾಗುವುದು ಅಪ್‌ಲೋಡ್. ಅದರಲ್ಲಿ ರವೀಂದ್ರನಗರದ ಬೀದಿಯೇ ಮುಂದು! ನಿಂತುಹೋಗುತ್ತಿದ್ದ ಮುಖವೂ ಹೆಚ್ಚಾಗಿ ಮಗನದೇ. ಷರಾ ಕಾಲಂನಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ "ದೋಷ: ಮೆಲ್ಬರ್ನ್" ಎಂದು ಬರೆದಿದ್ದಾರೆ. ಆ ಪುಟ ತೋರಿಸುವಾಗ ಅವರ ಮುಖ ನೋಡಬೇಕಿತ್ತು.

ಮೆಲ್ಬರ್ನ್ ಹಿಂದೆ ಬಿದ್ದದ್ದಕ್ಕೆ ಕಾರಣವಿದೆ. ಆಸ್ಟ್ರೇಲಿಯಾ ಸರ್ಕಾರ 2009ರಲ್ಲಿ ಬಹುತೇಕ ಎಲ್ಲ ಮನೆಗಳಿಗೂ ಫೈಬರ್ ಎಳೆಯುವ ಎನ್‌ಬಿಎನ್ ಯೋಜನೆ ಹಾಕಿಕೊಂಡಿತು. 2013ರಲ್ಲಿ ಸರ್ಕಾರ ಬದಲಾಯಿತು, ಯೋಜನೆಯೂ ಬದಲಾಯಿತು. ಎಷ್ಟೋ ಬಡಾವಣೆಗಳಲ್ಲಿ ಫೈಬರನ್ನು ಬೀದಿಯ ಪೆಟ್ಟಿಗೆವರೆಗೆ ಮಾತ್ರ ತಂದು, ಅಲ್ಲಿಂದ ಮನೆಗೆ ಹಳೇ ಟೆಲಿಫೋನಿನ ತಾಮ್ರದ ತಂತಿಯನ್ನೇ ಉಳಿಸಿಕೊಂಡರು. ಮೇಷ್ಟ್ರ ಮಗನ ಬಾಡಿಗೆ ಮನೆ ಅಂಥದ್ದು. ಮಗನ ಪರವಾಗಿಯೂ ಒಂದು ಮಾತು ಹೇಳಬೇಕು: ನಮ್ಮ ಮಧ್ಯಾಹ್ನವೆಂದರೆ ಅವರ ಸಂಜೆ, ಊರೆಲ್ಲ ಟಿವಿ ಮುಂದೆ ಕೂರುವ ಹೊತ್ತು. ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಆಗಲೇ ಯೋಚಿಸಿದ್ದರು. ರಾತ್ರಿ ಒಂಬತ್ತಕ್ಕೆ ತಮ್ಮ ಮನೆಯಲ್ಲೂ ಅಳೆದು 22 ಎಂದು ಬರೆದ ಪುಟ ತೆಗೆದರು. ನಮ್ಮ ಬೀದಿಗಳಿಗೆ ಬರುವ ಫೈಬರಿನಲ್ಲಿ ಸಾಮಾನ್ಯವಾಗಿ ಒಂದು ಎಳೆಗೆ 2.5 ಜಿಬಿಪಿಎಸ್ ಇರುತ್ತದೆ. ಅದನ್ನು ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗೆ ಹಂಚುತ್ತಾರೆ. ಒಂದೇ ಓವರ್‌ಹೆಡ್ ಟ್ಯಾಂಕಿನ ನೀರು ಬೀದಿಗೆಲ್ಲ ಬಂದ ಹಾಗೆ, ಎಲ್ಲರೂ ನಲ್ಲಿ ತಿರುಗಿಸಿದ ಹೊತ್ತಿಗೆ ಧಾರೆ ಸಣ್ಣದಾಗುತ್ತದೆ. ದೊಡ್ಡ ಬೋರ್ಡುಗಳಲ್ಲಿ "1 ಜಿಬಿಪಿಎಸ್" ಎಂದು ಕಂಡಾಗ ನನಗೆ ನಗು ಬರುವುದು ಇದಕ್ಕೇ.

ಇನ್ನು ದುಡ್ಡಿನ ವಿಷಯ. ಮೇಷ್ಟ್ರ ಪ್ಲಾನು 499 ರೂಪಾಯಿಯದು, ಶೇ 18 ಜಿಎಸ್‌ಟಿ ಸೇರಿ 589. ಮಗಳು ಕಟ್ಟುವುದು 30 ಪೌಂಡ್, ಅಂದರೆ ಮೂರು ಸಾವಿರದ ಮೇಲೆ. ಮಗ 85 ಡಾಲರ್, ಅವರ ಡಾಲರಿನಲ್ಲೇ. ನಮ್ಮ ನಾಲ್ಕೂವರೆ ಸಾವಿರಕ್ಕೆ ಕಮ್ಮಿಯಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಭಾರತಕ್ಕೆ ಜೈ ಅನ್ನಬಹುದು, ಎಷ್ಟೋ ವರದಿಗಳು ನಿಲ್ಲಿಸುವುದೂ ಇಲ್ಲೇ. ಮೇಷ್ಟ್ರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪ್ರವೇಶ ಮಟ್ಟದ ಬ್ರಾಡ್‌ಬ್ಯಾಂಡ್ ಅಭಿವೃದ್ಧಿಶೀಲ ದೇಶಗಳಲ್ಲಿ ತಲಾ ಆದಾಯದ ಶೇ 2ನ್ನು ಮೀರಬಾರದು ಎಂದು ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ 2018ರಲ್ಲಿ ಗುರಿ ಹಾಕಿತು, 2025ರ ಗಡುವಿನೊಂದಿಗೆ. ನಮ್ಮ ದೇಶದ ತಲಾ ಆದಾಯ ವರ್ಷಕ್ಕೆ ಎರಡು ಲಕ್ಷದ ಸ್ವಲ್ಪ ಮೇಲೆ, ತಿಂಗಳಿಗೆ ಸುಮಾರು 17 ಸಾವಿರ. ಅದರ ಶೇ 2 ಎಂದರೆ 340 ರೂಪಾಯಿ. 589 ರೂಪಾಯಿ ಶೇ 3.5ರ ಹತ್ತಿರ ಬರುತ್ತದೆ. ಮಕ್ಕಳಿಬ್ಬರ ಬಿಲ್ಲು ಅವರವರ ದೇಶದ ಲೆಕ್ಕದಲ್ಲಿ ಶೇ 1ರ ಆಸುಪಾಸು. ಕರ್ನಾಟಕದ ಸರಾಸರಿ ಆದಾಯ ದೇಶದ ಸರಾಸರಿಗಿಂತ ಹೆಚ್ಚು, ನಿಜ. ಆದರೆ ಆ ಸರಾಸರಿಯನ್ನು ಮೇಲೆತ್ತುವುದು ಬೆಂಗಳೂರು.

ಈ ಅಂಕಿಗಳನ್ನು ಮೇಷ್ಟ್ರು ಓದಿ ಹೇಳುತ್ತಿದ್ದಾಗಲೇ ಟಿವಿ ಪಕ್ಕದ ಬಿಳಿ ಡಬ್ಬಿಯಲ್ಲಿ ಹಸಿರು ಹೋಗಿ ಕೆಂಪು ದೀಪ ಮಿಟುಕತೊಡಗಿತು. "ಹೋಯ್ತು" ಎಂದರು ಮನೆಯ ಅಮ್ಮ, ಮೇಷ್ಟ್ರ ಹೆಂಡತಿ, ಅಡುಗೆಮನೆಯಿಂದಲೇ. ಸೀರಿಯಲ್ ನಿಂತಿದ್ದು ಅವರಿಗೆ ಮೊದಲು ಗೊತ್ತಾಗಿತ್ತು.

ಮೇಷ್ಟ್ರು ಕಸ್ಟಮರ್ ಕೇರ್‌ಗೆ ಫೋನ್ ಮಾಡಲಿಲ್ಲ. ಕೇಬಲ್ ಹುಡುಗನ ನಂಬರಿಗೆ ಮಾಡಿದರು. ರವೀಂದ್ರನಗರ, ಗಾಂಧಿನಗರ, ರಾಜೇಂದ್ರನಗರ ಎಲ್ಲ ಕಡೆಯೂ ಇದೇ ರೂಢಿ. ಕಂಪನಿ ಯಾವುದಾದರೂ ಇರಲಿ, ಕಂಬ ಹತ್ತುವವನು ಪರಿಚಯದವನಾಗಿರಬೇಕು. ಮಳೆ ಸಣ್ಣಗೆ ಹನಿಯುತ್ತಿತ್ತು. ಹುಡುಗ ಬೈಕಿನ ಹಿಂದೆ ಏಣಿ ಕಟ್ಟಿಕೊಂಡು ಬಂದ. ಮೊದಲು ಡಬ್ಬಿಯ ತಂತಿ ಕಿತ್ತು ಪವರ್ ಮೀಟರಿಗೆ ಸಿಕ್ಕಿಸಿದ. ಲೈನು ಸರಿಯಿದ್ದರೆ ಮೈನಸ್ 19, 20 ಎಂದೇನೋ ಬರಬೇಕು, ಮೈನಸ್ 27 ದಾಟಿದರೆ ಕಷ್ಟ. ಇಲ್ಲಿ ಏನೂ ಬರಲಿಲ್ಲ. ಹೊರಗೆ ಹೋಗಿ ಕತ್ತೆತ್ತಿ ತಂತಿಯನ್ನೇ ನೋಡುತ್ತ ನಡೆದ, ಹೊಂಗೆ ಮರದ ಕೆಳಗೆ ನಿಂತ. "ಅಳಿಲು ಸರ್. ಹೋದ್ ವಾರನೂ ಇದೇ ಲೈನು."

ಆಮೇಲೆ ಅವನು ಮಾಡಿದ ಕೆಲಸ ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಕಾಂಪೌಂಡ್ ಗೋಡೆ ಮೇಲೆ ಟವೆಲ್ ಹಾಸಿ ಸ್ಪ್ಲೈಸಿಂಗ್ ಮಷಿನ್ ಇಟ್ಟ. ಮೇಷ್ಟ್ರು ಕೊಡೆ ಹಿಡಿದರು. ಕರಿ ಕವಚ ಸುಲಿದ, ಒಳಗಿನ ಬಣ್ಣದ ಪದರವನ್ನು ಕಟರ್‌ನಲ್ಲಿ ಎಳೆದು ತೆಗೆದ, ಸ್ಪಿರಿಟ್ಟಿನಲ್ಲಿ ನೆನೆಸಿದ ಟಿಶ್ಯೂನಿಂದ ಒರೆಸಿದ. ಉಳಿದದ್ದು 125 ಮೈಕ್ರಾನಿನ ಗಾಜಿನ ಎಳೆ. ಬೆಳಕು ಹರಿಯುವ ಒಳತಿರುಳು ಅದರಲ್ಲೂ 9 ಮೈಕ್ರಾನು ಮಾತ್ರ. ಆ ಎರಡು ತುದಿಗಳನ್ನು ನೇರ ಕತ್ತರಿಸಿ ಮಷಿನಿನ ತೋಡಿನಲ್ಲಿ ಮಲಗಿಸಿ ಮುಚ್ಚಿದ. ಪರದೆಯ ಮೇಲೆ ಎರಡು ಎಳೆಗಳು ಎದುರುಬದುರಾಗಿ ಬಂದು ನಿಂತವು, ಒಂದು ಕಿಡಿ ಹಾರಿತು, ಒಂದಾದವು. 0.02 ಡೆಸಿಬಲ್ ನಷ್ಟ ಎಂದು ತೋರಿಸಿತು. ಸ್ಲೀವ್ ಸರಿಸಿ ಬಿಸಿ ಮಾಡಿ ಜಾಯಿಂಟ್ ಮುಗಿಸುವಾಗ ಅವನ ಕಿವಿಗೆ ಸಿಕ್ಕಿಸಿದ ಫೋನಿನಲ್ಲಿ ಮುಂದಿನ ಮನೆಯವರು ಬೈಯುತ್ತಿದ್ದರು. ಕಂಪನಿಗೂ ಗಿರಾಕಿಗೂ ನಡುವೆ ಮಾಸಿಕ ಬಿಲ್ಲಿನಲ್ಲಿ ಪಾಲು ಪಡೆಯುವ ಕೇಬಲ್ ಆಪರೇಟರು, ಅವನ ಕೆಳಗೆ ಈ ಹುಡುಗ. ನೆಲ ಅಗೆಯದೆ ಕಂಬದಿಂದ ಕಂಬಕ್ಕೆ ತಂತಿ ಎಳೆದದ್ದು, ಇಂಥ ಹುಡುಗರಿಗೆ ಕೊಡುವ ಸಂಬಳ, ಎರಡೂ ಸೇರಿಯೇ 589 ರೂಪಾಯಿಯ ಬಿಲ್ಲು ಸಾಧ್ಯವಾಗಿರುವುದು. ವೇಗದ ಪಟ್ಟಿ ಮಾಡುವವರು ಇವನಿಗೊಂದು ಕಾಲಂ ಹಾಕಿದ್ದನ್ನು ನಾನು ಕಂಡಿಲ್ಲ.

ಅಳಿಲಿನ ವಿಷಯಕ್ಕೆ ಬರುತ್ತೇನೆ, ಬಿಡಲು ಮನಸ್ಸಿಲ್ಲ. ದಂಶಕಗಳ ಹಲ್ಲು ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿದು ಸವೆಸಲೇಬೇಕು. ತಂತಿ ಮಲೆನಾಡಿನದೋ ಅಮೆರಿಕದ್ದೋ ಎಂಬ ಭೇದ ಅದಕ್ಕಿಲ್ಲ. ಅಮೆರಿಕದ ಲೆವೆಲ್ 3 ಎಂಬ ದೊಡ್ಡ ಫೈಬರ್ ಕಂಪನಿ 2011ರಲ್ಲಿ, ಆ ವರ್ಷ ಅಲ್ಲಿವರೆಗೆ ತನ್ನ ಕೇಬಲ್ಲುಗಳಿಗಾದ ಹಾನಿಯಲ್ಲಿ ಶೇ 17 ಅಳಿಲುಗಳ ಕೆಲಸ ಎಂದು ಹೇಳಿಕೊಂಡಿತ್ತು. ಹಿಂದಿನ ವರ್ಷಕ್ಕಿಂತ ಅದು ಕಮ್ಮಿಯಂತೆ! ಆಸ್ಟ್ರೇಲಿಯಾದಲ್ಲಿ ಅಳಿಲಿನ ಪಾತ್ರ ವಹಿಸಿಕೊಂಡದ್ದು ಕಾಕಟೂ ಗಿಳಿಗಳು. ಅವು ಎನ್‌ಬಿಎನ್ ಟವರುಗಳ ಕೇಬಲ್ ಕುಕ್ಕಿ 80 ಸಾವಿರ ಡಾಲರ್ ನಷ್ಟ ಮಾಡಿದವೆಂದು 2017ರಲ್ಲಿ ಸುದ್ದಿಯಾಯಿತು. ಇವೆಲ್ಲಕ್ಕೂ ಮಿಗಿಲು ಜಾರ್ಜಿಯಾ ದೇಶದ 75 ವರ್ಷದ ಅಜ್ಜಿ. ತಾಮ್ರ ಸಿಕ್ಕೀತೆಂದು 2011ರಲ್ಲಿ ಗುದ್ದಲಿ ಹಿಡಿದು ನೆಲ ಅಗೆದು ಕೇಬಲ್ ಕತ್ತರಿಸಿದಳು, ಪಕ್ಕದ ಆರ್ಮೇನಿಯಾ ದೇಶದ ಬಹುಪಾಲು ಇಂಟರ್‌ನೆಟ್ ಗಂಟೆಗಟ್ಟಲೆ ನಿಂತುಹೋಯಿತು. ಸೇತುವೆ ಕಟ್ಟುವಾಗ ಅಳಿಲು ಮಾಡಿದ ಸೇವೆ ನಮಗೆಲ್ಲ ಗೊತ್ತು. ರವೀಂದ್ರನಗರದ ಹೊಂಗೆ ಮರದಲ್ಲಿ ಅದು ಉಲ್ಟಾ ಸೇವೆಗೆ ಇಳಿದಿದೆ. ಜೊತೆಗೆ ಕೋತಿಗಳು ತಂತಿ ಹಿಡಿದು ಜೋತಾಡುತ್ತವೆ, ಹುಡುಗನ ಪ್ರಕಾರ ಅವುಗಳ ಕಾಟವೇ ಹೆಚ್ಚು.

ನಮ್ಮ ಬ್ರಾಡ್‌ಬ್ಯಾಂಡ್ ಇಲ್ಲಿಗೆ ಬರುವವರೆಗಿನ ದಾರಿ ಓದುಗರಿಗೆ ಗೊತ್ತೇ ಇದೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತು. 2004ರ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದಾಯಿತು, ಮರುವರ್ಷ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂತು. ಅದರ 500 ರೂಪಾಯಿ ಪ್ಲಾನಿನಲ್ಲಿ ಬೆಳಗಿನ ಜಾವ 2ರಿಂದ 8ರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಮೇಷ್ಟ್ರ ಮಗ ಎರಡು ಗಂಟೆಗೆ ಅಲಾರಂ ಇಟ್ಟು ಏಳುತ್ತಿದ್ದ. ಪರೀಕ್ಷೆಗೆ ಹಾಗೆ ಎದ್ದವನಲ್ಲ ಎಂಬುದು ಅಮ್ಮನ ಷರಾ. 2013ರಲ್ಲಿ ಕನಿಷ್ಠ ವೇಗ 512 ಕೆಬಿಪಿಎಸ್, 2023ರಲ್ಲಿ 2 ಎಂಬಿಪಿಎಸ್ ಆಯಿತು. ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ 100ಕ್ಕಿಂತ ಕಡಿಮೆ ಇದ್ದರೆ ಬ್ರಾಡ್‌ಬ್ಯಾಂಡ್ ಅನ್ನುವ ಹಾಗಿಲ್ಲ. 2019ರ ಸೆಪ್ಟೆಂಬರಿನಲ್ಲಿ ಜಿಯೊ ಫೈಬರ್ ಬಂದ ಮೇಲೆ ಎಲ್ಲರ ದರವೂ ಇಳಿಯಿತು. ವೇಗ ಅಳೆಯುವ ಓಕ್ಲಾ ಕಂಪನಿಯ ಲೆಕ್ಕದಲ್ಲಿ ಭಾರತದ ಮನೆಗಳ ವೇಗ ಈಚೆಗೆ 60 ಎಂಬಿಪಿಎಸ್ ಆಸುಪಾಸು ಇದ್ದರೆ ಸಿಂಗಪುರದ್ದು 300ರ ಮೇಲೆ.

ಬೇರೆ ದೇಶಗಳ ದಾರಿ ಬೇರೆ. ದಕ್ಷಿಣ ಕೊರಿಯಾ 1999ರ ಹೊತ್ತಿಗೇ ಅಪಾರ್ಟ್‌ಮೆಂಟುಗಳಿಗೆ ಬ್ರಾಡ್‌ಬ್ಯಾಂಡ್ ವ್ಯವಸ್ಥೆಯ ಸರ್ಕಾರಿ ಪ್ರಮಾಣಪತ್ರ ಕೊಡತೊಡಗಿತು. ಜಪಾನಿನಲ್ಲಿ 2001ರಲ್ಲಿ ಸಾಫ್ಟ್‌ಬ್ಯಾಂಕ್ ಕಂಪನಿ ಬೀದಿಯಲ್ಲಿ ನಿಂತು ಚೀಲದಲ್ಲಿ ಮೋಡೆಮ್ ಹಂಚಿತು. ಹಳೇ ಕಂಪನಿಯ ತಂತಿಯನ್ನು ಹೊಸಬರಿಗೂ ಬಾಡಿಗೆಗೆ ಕೊಡಲೇಬೇಕು ಎಂಬ ನಿಯಮ ಇದ್ದದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲಿ ಅಂಥ ನಿಯಮ ಮಾಡಬೇಕಾದ ಕೆಲಸವನ್ನು ಕೇಬಲ್ ಟಿವಿಯವರು ತಮ್ಮ ಏಣಿಯಿಂದ ಮಾಡಿದರು. ಇದೆಲ್ಲ ಪೇಟೆಯ ಮಾತು. ಇದೇ ಜಿಲ್ಲೆಯ ಸಾಗರ, ಹೊಸನಗರ ಕಡೆ ಕೋವಿಡ್ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದರು, ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್ ನೋ ವೋಟಿಂಗ್" ಎಂಬ ಫಲಕ ಏರಿತು. ಫಿನ್ಲೆಂಡಿನಲ್ಲಿ 1 ಎಂಬಿಪಿಎಸ್ ಸಂಪರ್ಕ 2010ರ ಜುಲೈ 1ರಂದೇ ಪ್ರತಿಯೊಬ್ಬರ ಕಾನೂನುಬದ್ಧ ಹಕ್ಕಾಗಿತ್ತು.

ನಿಜವಾದ ಅಂತರ ಇರುವುದು ಷರಾ ಕಾಲಂನಲ್ಲಿ. ಅಳಿಲು ಕಡಿದ ತಂತಿ ಹುಡುಗ ಬಂದರೆ ಗಂಟೆಯಲ್ಲಿ ಸರಿ. ಹುಡುಗನ ಕೈ ಮೀರಿದ್ದಾದರೆ ದೇವರೇ ಗತಿ. ಒಂದು ಮಳೆಗಾಲದ ಪುಟದಲ್ಲಿ ಒಂಬತ್ತು ಸಾಲು ಒಂದರ ಕೆಳಗೊಂದು "ಇಲ್ಲ", "ಇಲ್ಲ" ಎಂದಿವೆ. ಆ ತಿಂಗಳೂ ಪೂರ್ತಿ ಬಿಲ್ಲು ಕಟ್ಟಿದ್ದಾರೆ. ಮಗಳ ಮನೆಯಲ್ಲೂ ಒಮ್ಮೆ ಲೈನು ಕೆಟ್ಟಿತ್ತು, ಇಲ್ಲಿಗಿಂತ ನಿಧಾನವಾಗಿಯೇ ರಿಪೇರಿಯವರು ಬಂದರು. ಆದರೆ ಮುಂದಿನ ಬಿಲ್ಲಿನಲ್ಲಿ ಅವಳು ಕೇಳದೆಯೇ ದುಡ್ಡು ವಾಪಸು ಬಂದಿತ್ತು. ಬ್ರಿಟನ್‌ನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2019ರ ಏಪ್ರಿಲ್ 1ರಿಂದ ಸ್ವಯಂಚಾಲಿತ ಪರಿಹಾರ ಪದ್ಧತಿ ತಂದಿದೆ. ಅಲ್ಲಿನ ದೊಡ್ಡ ಕಂಪನಿಗಳು ಒಪ್ಪಿಕೊಂಡಿವೆ. ದೂರು ಕೊಟ್ಟು ಎರಡು ಪೂರ್ತಿ ಕೆಲಸದ ದಿನ ಕಳೆದೂ ಲೈನು ಸರಿಯಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 8 ಪೌಂಡ್, ಬರುತ್ತೇನೆಂದು ಹೇಳಿ ಬಾರದಿದ್ದರೆ 25 ಪೌಂಡ್ ಎಂದು ಶುರುವಾಯಿತು. ಬೆಲೆಯೇರಿಕೆಯೊಂದಿಗೆ ಈಗ ಇನ್ನೂ ಹೆಚ್ಚಿದೆ.

ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಎಂದುಕೊಂಡಿದ್ದರು ಮೇಷ್ಟ್ರು. ಇದೆ. ನಮ್ಮ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2006ರಲ್ಲೇ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮದಲ್ಲಿ ಬರೆದಿತ್ತು: ದೋಷ ಮೂರು ಕೆಲಸದ ದಿನ ಮೀರಿ ಉಳಿದರೆ 7 ದಿನದ ಬಾಡಿಗೆ, ಏಳು ಮೀರಿದರೆ 15 ದಿನದ್ದು, ಹದಿನೈದು ಮೀರಿದರೆ ಒಂದು ತಿಂಗಳದ್ದು ಗಿರಾಕಿಗೆ ರಿಯಾಯಿತಿ. 2024ರ ಅಕ್ಟೋಬರ್ 1ರಿಂದ ಬಂದ ಹೊಸ ನಿಯಮಾವಳಿ, ಜಿಲ್ಲೆಯ ಮಟ್ಟದಲ್ಲಿ ಸೇವೆ 24 ಗಂಟೆ ಮೀರಿ ನಿಂತರೂ ರಿಯಾಯಿತಿ ಕೊಡಬೇಕೆಂದಿದೆ. ಅಲ್ಲಿ ದುಡ್ಡು ತಾನಾಗಿ ಬರುತ್ತದೆ, ಇಲ್ಲಿ ನಿಯಮ ಕಡತದಲ್ಲಿ ಕೂತಿರುತ್ತದೆ. ಈ ಮೂರು ಮನೆಗಳ ಲೆಕ್ಕದಲ್ಲಿ ವೇಗದಲ್ಲಿ ನಾವು ಅಷ್ಟೇನೂ ಹಿಂದಿಲ್ಲ, ದರ ಆದಾಯದ ಲೆಕ್ಕದಲ್ಲಿ ಭಾರವಾದರೂ ರೂಪಾಯಿಯಲ್ಲಿ ಕಮ್ಮಿಯೇ. ಸೇವೆಯ ವಿಷಯದಲ್ಲಿ ಮಾತ್ರ ನಾವು ಕೇಳುವುದನ್ನೇ ಕಲಿತಿಲ್ಲ.

ಹಾಗಾಗಿ ನೆಟ್ ಹೋದ ದಿನ ಕೇಬಲ್ ಹುಡುಗನಿಗೆ ಫೋನ್ ಮಾಡುವುದರ ಜೊತೆಗೆ ಕಂಪನಿಯ ಕಸ್ಟಮರ್ ಕೇರ್‌ಗೂ ದೂರು ಕೊಡಿ, ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಅದಿಲ್ಲದೆ ದಿನಗಳ ಲೆಕ್ಕವೇ ಶುರುವಾಗುವುದಿಲ್ಲ. ಮೂರು ದಿನ ದಾಟಿದರೆ ಬಾಡಿಗೆ ರಿಯಾಯಿತಿ ಬೇಕೆಂದು ಬರಹದಲ್ಲಿ ಕೇಳಿ. ಕೊಡದಿದ್ದರೆ ಮೇಲ್ಮನವಿ ಹಾಕಿ. ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಲೇಬೇಕೆಂದು ಟ್ರಾಯ್ 2012ರಲ್ಲಿ ವಿಧಿಸಿದೆ. ಮೇಲ್ಮನವಿಗೆ ಶುಲ್ಕವಿಲ್ಲ.