ಸಿಳ್ಳಿಗೆ ಓಗೊಟ್ಟ ಟೆಲಿಫೋನು

ಟೆಲಿಫೋನಿನ ತಂತಿಯಲ್ಲಿ ನಮ್ಮ ಮಾತು ಹರಿಯತೊಡಗುವುದಕ್ಕೆ ಮುಂಚೆಯೇ ಯಂತ್ರಗಳು ತಮ್ಮತಮ್ಮೊಳಗೆ ಮಾತನಾಡಿಕೊಂಡಿರುತ್ತವೆ. ಈ ಊರಿನ ಎಕ್ಸ್‌ಚೇಂಜು ದೂರದ ಊರಿನ ಎಕ್ಸ್‌ಚೇಂಜಿಗೆ ‘ಈ ಹಾದಿ ಬಿಡುವಾಗಿದೆಯೆ?’ ಎಂದು ಕೇಳಬೇಕು. ‘ಇಂಥ ಸಂಖ್ಯೆಯವರು ಬೇಕು’ ಎಂದು ತಿಳಿಸಬೇಕು. ಸಂಭಾಷಣೆ ಮುಗಿದ ಕೂಡಲೆ ‘ಮುಗಿಯಿತು, ಹಾದಿಯನ್ನು ಬಿಡು’ ಎನ್ನಬೇಕು. ಈ ಯಂತ್ರಭಾಷೆಯನ್ನು ಮನುಷ್ಯರು ಕದ್ದು ಕಲಿತ ಕಥೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಅತ್ಯಂತ ಸ್ವಾರಸ್ಯವಾದುದು. ಕಥೆ ನಡೆದುದು ಬಹುಮಟ್ಟಿಗೆ ಅಮೆರಿಕದಲ್ಲಿ. ಅದರ ಪರಿಣಾಮಗಳಾದರೋ ಇಂದು ಎಲ್ಲ ದೇಶಗಳವರಿಗೂ ಸಂಬಂಧಿಸಿದವು.

ಮೊದಲು ಒಂದು ಪರಿಚಿತ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ನಮ್ಮ ಬಸ್ಸುಗಳಲ್ಲಿ ನಿರ್ವಾಹಕನು ಸೀಟಿ ಊದಿದರೆ ಚಾಲಕನು ಬಸ್ಸನ್ನು ನಿಲ್ಲಿಸುತ್ತಾನೆ. ಪ್ರಯಾಣಿಕರ ಮಾತು, ಮಗುವಿನ ಅಳು, ನಿರ್ವಾಹಕನ ಸೀಟಿ, ಇವೆಲ್ಲವೂ ಚಾಲಕನ ಕಿವಿಗೆ ಬರುವುದು ಒಂದೇ ಗಾಳಿಯ ಮೂಲಕ. ಸೀಟಿಯ ಧ್ವನಿ ಬೇರೆಯಾಗಿರುವುದರಿಂದ ಅವನು ಅದನ್ನು ಗುರುತಿಸುತ್ತಾನೆ, ಅಷ್ಟೆ. ಊದಿದವನು ಯಾರೆಂದು ಹಿಂದಿರುಗಿ ನೋಡುವುದಿಲ್ಲ. ತುಂಟ ಹುಡುಗನೊಬ್ಬನು ಜೇಬಿನಿಂದ ಸೀಟಿಯನ್ನು ತೆಗೆದು ಊದಿದರೂ ಬಸ್ಸು ನಿಲ್ಲುತ್ತದೆ.

ಟೆಲಿಫೋನು ಕೂಡ ಇಂಥ ಬಸ್ಸೇ ಆದದ್ದು ಹೇಗೆ? ಆಲ್ಮನ್ ಸ್ಟ್ರೌಜರ್ ಎಂಬಾತನು ೧೮೯೧ರಲ್ಲಿ ಪೇಟೆಂಟ್ ಪಡೆದ ಸ್ವಯಂಚಾಲಿತ ಎಕ್ಸ್‌ಚೇಂಜಿನಲ್ಲಿ ಅಂಕೆಗಳನ್ನು ತಿಳಿಸಲು ವಿದ್ಯುತ್ಪ್ರವಾಹವನ್ನೇ ಕಡಿದು ಕಡಿದು ಕಳುಹಿಸುವ ಕ್ರಮ ಬಳಕೆಗೆ ಬಂದಿತು. (ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ೧೯೪೮ರಲ್ಲಿ ಸ್ಥಾಪಿತವಾದ ಮೇಲೆ ಮೊದಲು ತಯಾರಿಸಿದ ಎಕ್ಸ್‌ಚೇಂಜುಗಳೂ ಸ್ಟ್ರೌಜರ್ ಮಾದರಿಯವೇ.) ಒಂದು ಊರಿನೊಳಗೆ ಈ ಏರ್ಪಾಡು ಸಾಕು. ಆದರೆ ನೂರಾರು ಮೈಲಿ ದೂರದ ಮಾರ್ಗಗಳಲ್ಲಿ ನಡುನಡುವೆ ವರ್ಧಕಗಳಿರುತ್ತವೆ. ಒಂದೇ ಕೇಬಲ್ಲಿನ ಮೇಲೆ ಹತ್ತಾರು ಸಂಭಾಷಣೆಗಳು ಒಟ್ಟಿಗೆ ಸಾಗುತ್ತವೆ. ಇಂಥ ಮಾರ್ಗದಲ್ಲಿ ನೇರ ಪ್ರವಾಹವು ಹಾದುಹೋಗಲಾರದು. ಹಾದುಹೋಗುವುದು ಸೆಕೆಂಡಿಗೆ ಸುಮಾರು ೩೦೦ರಿಂದ ೩೪೦೦ ಕಂಪನಗಳವರೆಗಿನ ಧ್ವನಿ ಮಾತ್ರ. ಆದಕಾರಣ ಬೆಲ್ ಸಂಸ್ಥೆಯ ಎಂಜಿನಿಯರುಗಳು ಸಂಕೇತಗಳನ್ನೂ ಧ್ವನಿಯ ರೂಪದಲ್ಲಿಯೇ ಕಳುಹಿಸಲು ನಿಶ್ಚಯಿಸಿದರು. ಮಾತು ಹೋಗಬಲ್ಲ ಹಾದಿಯಲ್ಲೆಲ್ಲ ಸಂಕೇತವೂ ಹೋಗುತ್ತದೆ. ಬೇರೆ ತಂತಿಯ ಖರ್ಚಿಲ್ಲ. ಅಂದಿನ ದೃಷ್ಟಿಯಿಂದ ಇದು ಬಹಳ ಜಾಣತನದ ಯೋಜನೆಯೆಂದೇ ನಮ್ಮ ಅಭಿಪ್ರಾಯ.

ಅವರು ಆರಿಸಿಕೊಂಡ ನಾದವು ೨೬೦೦ ಹರ್ಟ್ಸಿನದು. ಪಿಯಾನೋ ವಾದ್ಯದ ನಡುಮನೆಯ ಷಡ್ಜಕ್ಕೆ ಸೆಕೆಂಡಿಗೆ ೨೬೨ ಕಂಪನಗಳೆಂದರೆ ಇದು ಅದರ ಸುಮಾರು ಹತ್ತರಷ್ಟು. ಮನುಷ್ಯರ ಮಾತಿನಲ್ಲಿ ಆ ಎತ್ತರದ ಶುದ್ಧ ನಾದವು ಅಪರೂಪ. ಮಾರ್ಗವು ಬಿಡುವಾಗಿರುವಾಗ ಅದರ ಮೇಲೆ ೨೬೦೦ರ ನಾದವು ಸದಾ ಹರಿಯುತ್ತಿರಬೇಕು. ನಾದ ನಿಂತರೆ ಮಾರ್ಗವನ್ನು ಯಾರೋ ಹಿಡಿದರೆಂದು ಅರ್ಥ. ಮತ್ತೆ ನಾದ ಕೇಳಿಸಿದರೆ ಬಿಟ್ಟರೆಂದು ಅರ್ಥ. ಮಾತಿನ ನಡುವೆ ಅಕಸ್ಮಾತ್ತಾಗಿ ೨೬೦೦ ನುಸುಳಿದರೆ ಮೋಸಹೋಗದಿರಲೆಂದು ಗ್ರಾಹಕಯಂತ್ರವು ಇತರ ಕಂಪನಗಳೂ ಜೊತೆಯಲ್ಲಿವೆಯೇ ಎಂದು ಪರೀಕ್ಷಿಸುತ್ತಿತ್ತು. ಆಕಸ್ಮಿಕಕ್ಕೆ ಈ ಕಾವಲು ಸಾಕಾಗಿತ್ತು. ಬೇಕೆಂದೇ ಮಾಡುವವನಿಗೆ?

೧೯೫೦ರ ದಶಕದಲ್ಲಿ ಜೋ ಎಂಗ್ರೆಸಿಯಾ ಎಂಬ ಹುಟ್ಟುಕುರುಡ ಬಾಲಕನಿದ್ದನು. ಸ್ವರದ ಎತ್ತರವನ್ನು ಕೇಳಿದೊಡನೆಯೇ ನಿಖರವಾಗಿ ಗುರುತಿಸುವ ಶಕ್ತಿ ಅವನಿಗೆ ಸಹಜವಾಗಿತ್ತು. ಟೆಲಿಫೋನೇ ಅವನ ಆಟದ ಬಯಲು. ಏಳೆಂಟು ವರ್ಷದವನಾಗಿದ್ದಾಗ ಒಂದು ದಿನ ಫೋನು ಹಿಡಿದು ಸಿಳ್ಳು ಹಾಕುತ್ತಿರಲು, ಸಂಪರ್ಕವು ತಟಕ್ಕನೆ ಕಡಿದುಹೋಯಿತು. ಮತ್ತೆ ಸಿಳ್ಳು ಹಾಕಿದನು, ಮತ್ತೆ ಕಡಿಯಿತು. ಅವನ ಸಿಳ್ಳು ಸರಿಯಾಗಿ ೨೬೦೦ರಲ್ಲಿ ನಿಂತಿತ್ತು. ಮುಂದೆ ಅವನು ಸಿಳ್ಳನ್ನು ಗತಿಬದ್ಧವಾಗಿ ಕಡಿದು ಕಡಿದು ಅಂಕೆಗಳನ್ನೇ ಕಳುಹಿಸಲು ಕಲಿತನು. ಕಾಲೇಜಿನಲ್ಲಿ ಸಹಪಾಠಿಗಳಿಗೆ ಹೀಗೆ ದೂರದ ಊರುಗಳ ಸಂಪರ್ಕ ಕೊಡಿಸಿ ೧೯೬೮ರಲ್ಲಿ ಶಿಸ್ತಿನ ಕ್ರಮಕ್ಕೆ ಒಳಗಾದನು; ೧೯೭೧ರಲ್ಲಿ ಬಂಧಿತನೂ ಆದನು. ಅವನ ಆಸಕ್ತಿಯಾದರೋ ಪುಕ್ಕಟೆ ಕರೆಗಳಿಗಿಂತ ಹೆಚ್ಚಾಗಿ ಆ ಮಹಾಯಂತ್ರದ ಒಳಗನ್ನು ಅರಿಯುವುದರಲ್ಲಿತ್ತೆಂದು ತೋರುತ್ತದೆ.

ಎಲ್ಲರಿಗೂ ಅಂಥ ಕಿವಿ ಎಲ್ಲಿಂದ ಬರಬೇಕು? ಆದರೆ ಸೀಟಿ ಬರಬಹುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಇದನ್ನು ೨೬೦೦ರಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು ೧೩ ಸೆಂಟಿಮೀಟರು. ಒಂದು ತುದಿ ಮುಚ್ಚಿದ ಕೊಳವೆಯು ಅಲೆಯುದ್ದದ ಕಾಲುಭಾಗವಿದ್ದಾಗ ಅನುರಣಿಸುತ್ತದೆಯಷ್ಟೆ. ಎಂದರೆ ಮೂರೂಕಾಲು ಸೆಂಟಿಮೀಟರಿನ ಕೊಳವೆ ಸಾಕು. ಮಕ್ಕಳ ಆಟಿಕೆಯ ಗಾತ್ರ! ಕ್ಯಾಪ್ಟನ್ ಕ್ರಂಚ್ ಎಂಬ ಬೆಳಗಿನ ತಿಂಡಿಯ ಪೊಟ್ಟಣದಲ್ಲಿ ಉಡುಗೊರೆಯಾಗಿ ಬರುತ್ತಿದ್ದ ಪ್ಲಾಸ್ಟಿಕ್ ಸೀಟಿಯ ಒಂದು ರಂಧ್ರವನ್ನು ಮುಚ್ಚಿ ಊದಿದರೆ ೨೬೦೦ ಹೊರಡುತ್ತಿತ್ತು. ಜಾನ್ ಡ್ರೇಪರ್ ಎಂಬುವನು ಆ ತಿಂಡಿಯ ಹೆಸರನ್ನೇ ತನ್ನ ಅಡ್ಡಹೆಸರಾಗಿ ಧರಿಸಿ ಪ್ರಸಿದ್ಧನಾದನು. ಇಂಥವರಿಗೆ ‘ಫೋನ್ ಫ್ರೀಕ್’ಗಳೆಂದು, ಎಂದರೆ ಫೋನಿನ ಹುಚ್ಚರೆಂದು, ಹೆಸರು ಬಿದ್ದಿತು.

ಹಾದಿ ತೆರೆದ ಬಳಿಕ ಅಂಕೆಗಳನ್ನು ತಿಳಿಸಲು ಎಕ್ಸ್‌ಚೇಂಜುಗಳಲ್ಲಿ ಇನ್ನೊಂದು ಕ್ರಮವೂ ಇದ್ದಿತು. ೭೦೦, ೯೦೦, ೧೧೦೦, ೧೩೦೦, ೧೫೦೦ ಹರ್ಟ್ಸಿನ ಐದು ನಾದಗಳಲ್ಲಿ ಎರಡೆರಡನ್ನು ಒಟ್ಟಿಗೆ ನುಡಿಸಬೇಕು. ಐದರಲ್ಲಿ ಎರಡನ್ನು ಎಷ್ಟು ಬಗೆಯಲ್ಲಿ ಆರಿಸಬಹುದು? ಸರಿಯಾಗಿ ಹತ್ತು, ಹತ್ತು ಅಂಕೆಗಳಿಗೆ ಹತ್ತು ಜೋಡಿಗಳು. ೧೭೦೦ರ ಆರನೆಯ ನಾದವು ‘ಆರಂಭ’, ‘ಮುಕ್ತಾಯ’ ಎಂಬ ಸೂಚನೆಗಳಿಗೆ. ಈ ಕೋಷ್ಟಕವನ್ನು ಯಾರೂ ಕದಿಯಬೇಕಾಗಿರಲಿಲ್ಲ. ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯ ೧೯೫೪ರ ಮತ್ತು ೧೯೬೦ರ ನವೆಂಬರ್ ಸಂಚಿಕೆಗಳಲ್ಲಿ ಎಲ್ಲವೂ ಅಚ್ಚಾಗಿ ಕಾಲೇಜುಗಳ ಗ್ರಂಥಾಲಯಗಳನ್ನು ಸೇರಿದ್ದಿತು. ಟ್ರಾನ್ಸಿಸ್ಟರುಗಳು ಅಗ್ಗವಾದಮೇಲೆ ಈ ನಾದಗಳನ್ನೆಲ್ಲ ಹೊರಡಿಸುವ ಯಂತ್ರವು ಅಂಗೈಯಗಲದ ಪೆಟ್ಟಿಗೆಯಲ್ಲಿ ಅಡಗಿತು. ಇದೇ ‘ನೀಲಿ ಪೆಟ್ಟಿಗೆ’.

ಅದರ ಉಪಾಯ ಹೀಗೆ: ದರವಿಲ್ಲದ ಒಂದು ದೂರದ ಸಂಖ್ಯೆಯನ್ನು ಮೊದಲು ಕರೆಯುವುದು. ಮಾರ್ಗ ತೆರೆದೊಡನೆ ೨೬೦೦ ಊದುವುದು. ದೂರದ ಎಕ್ಸ್‌ಚೇಂಜು ‘ಕರೆದವನು ಫೋನು ಇಟ್ಟನು’ ಎಂದು ಭ್ರಮಿಸಿ ಹಳೆಯ ಸಂಪರ್ಕವನ್ನು ಕಡಿಯುತ್ತದೆ. ನಾದ ನಿಂತೊಡನೆ ‘ಹೊಸ ಕರೆ ಬಂದಿತು’ ಎಂದು ಭ್ರಮಿಸಿ ಅಂಕೆಗಳಿಗಾಗಿ ಕಾಯುತ್ತದೆ. ಇತ್ತ ಹತ್ತಿರದ ಎಕ್ಸ್‌ಚೇಂಜಿಗಾದರೋ ಕರೆದವನ ಮನೆಯ ತಂತಿಯಲ್ಲಿ ನೇರ ಪ್ರವಾಹ ಹರಿಯುತ್ತಲೇ ಇರುವುದರಿಂದ, ಅವನು ಇನ್ನೂ ದರವಿಲ್ಲದ ಸಂಖ್ಯೆಯೊಡನೆಯೇ ಮಾತನಾಡುತ್ತಿದ್ದಾನೆಂದು ನಂಬಿಕೆ. ಲೆಕ್ಕ ಬರೆಯುವ ಯಂತ್ರಕ್ಕೂ ದಾರಿ ತೋರಿಸುವ ಯಂತ್ರಕ್ಕೂ ಎರಡು ಬೇರೆ ಕಥೆ ಕೇಳಿಸಿದಂತಾಯಿತು.

೧೯೭೧ರ ಅಕ್ಟೋಬರಿನಲ್ಲಿ ರಾನ್ ರೋಸನ್‌ಬಾಮ್ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಗುಟ್ಟು ಜನಜನಿತವಾಯಿತು. ಅದನ್ನು ಓದಿದ ಇಬ್ಬರು ತರುಣರು ತಾವೂ ನೀಲಿ ಪೆಟ್ಟಿಗೆಗಳನ್ನು ರಚಿಸಿ ಮಾರಿದರು. ಅವರೇ ಮುಂದೆ ಆಪಲ್ ಕಂಪೆನಿಯನ್ನು ಕಟ್ಟಿದ ಸ್ಟೀವ್ ವೋಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್. ಟೆಲಿಫೋನ್ ಸಂಸ್ಥೆಯೇನೂ ನಿದ್ರಿಸುತ್ತಿರಲಿಲ್ಲ. ೧೯೬೪ರಿಂದ ೧೯೭೦ರವರೆಗೆ ಅದು ಗುಪ್ತವಾಗಿ ಕೋಟಿಗಟ್ಟಲೆ ದೂರದ ಕರೆಗಳ ಮೇಲೆ ಯಂತ್ರಗಳ ಕಿವಿಯಿಟ್ಟು, ಸಂಶಯ ಬಂದವುಗಳನ್ನು ಧ್ವನಿಮುದ್ರಿಸಿಕೊಂಡಿತು. ಕೆಲವೇ ಕಳ್ಳರ ಪತ್ತೆಗಾಗಿ ಅಷ್ಟೊಂದು ನಿರಪರಾಧಿಗಳ ಮಾತಿನ ಬಾಗಿಲಲ್ಲಿ ನಿಂತು ಆಲಿಸಿದುದನ್ನು ನಾವು ಮೆಚ್ಚಲಾರೆವು. ಕಳ್ಳತನಕ್ಕಿಂತ ಅದು ಸಣ್ಣ ತಪ್ಪೆಂದು ಹೇಳುವುದು ಕಷ್ಟ.

ನಿಜವಾದ ಪರಿಹಾರ ಬೇರೆಯೇ ಇದ್ದಿತು. ೧೯೭೬ರಿಂದ ಸಂಕೇತಗಳಿಗಾಗಿ ಎಕ್ಸ್‌ಚೇಂಜುಗಳ ನಡುವೆ ಪ್ರತ್ಯೇಕ ಹಾದಿಯನ್ನು ಹಾಕತೊಡಗಿದರು. ಕರೆಗಳು ಬೇಗ ಕೂಡಿಕೊಳ್ಳುವುದೆಂಬ ಲಾಭವೂ ಇದರಲ್ಲಿತ್ತು. ಮಾತಿನ ಹಾದಿಯಲ್ಲಿ ಯಾರು ಎಷ್ಟು ಸಿಳ್ಳು ಹಾಕಿದರೂ ಅದು ಬರಿಯ ಸಿಳ್ಳಾಗಿ ಉಳಿಯಿತು. ಮಿನೆಸೋಟ ರಾಜ್ಯದ ವವೀನ ಎಂಬ ಹಳ್ಳಿಯಲ್ಲಿ ಮಾತ್ರ ೨೬೦೦ಕ್ಕೆ ಓಗೊಡುವ ಮಾರ್ಗವು ೨೦೦೬ರವರೆಗೂ ಉಳಿದಿದ್ದಿತು.

ಅಷ್ಟರಲ್ಲಿ ಕಚೇರಿಗಳಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ಕರೆದಾಗ ಮನುಷ್ಯನಿಲ್ಲದಿದ್ದರೆ ಅವನ ಪಾಲಿಗೆ ಬಂದ ಮಾತನ್ನು ಯಂತ್ರವೇ ಕೇಳಿ ಜೋಪಾನವಾಗಿಟ್ಟು, ಅವನು ಬೇರೆಲ್ಲಿಂದಲಾದರೂ ಕರೆದಾಗ ಒಪ್ಪಿಸುವ ‘ವಾಯ್ಸ್‌ಮೇಲ್’, ಎಂದರೆ ಧ್ವನಿ ಅಂಚೆ. ಗಾರ್ಡನ್ ಮ್ಯಾಥ್ಯೂಸ್ ಎಂಬುವನಿಗೆ ಇದರ ಒಂದು ಪ್ರಮುಖ ಪೇಟೆಂಟು ೧೯೮೩ರಲ್ಲಿ ದೊರೆಯಿತು. ೧೯೬೩ರಲ್ಲಿ ಬಂದ ಗುಂಡಿಯ ಫೋನಿನ ಪ್ರತಿ ಗುಂಡಿಯೂ ಎರಡು ನಾದಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಧ್ವನಿ ಅಂಚೆಯು ಆಜ್ಞೆಗಳನ್ನು ಸ್ವೀಕರಿಸುವುದು ಆ ನಾದಗಳಿಂದ. ಆಜ್ಞೆಯು ಮತ್ತೆ ಮಾತಿನ ಹಾದಿಗೇ ಬಂದು ಕುಳಿತಿತೆಂಬುದನ್ನು ಓದುಗರು ಗಮನಿಸಬೇಕು. ನಡುವೆ ಇರುವ ಕಾವಲೆಂದರೆ ನಾಲ್ಕಂಕಿಯ ಒಂದು ಗುಪ್ತಸಂಖ್ಯೆ.

ಆ ಸಂಖ್ಯೆಯನ್ನು ಎಷ್ಟೋ ಮಂದಿ ಬದಲಾಯಿಸುವುದೇ ಇಲ್ಲ. ಕಾರ್ಖಾನೆಯವರು ಕೊಟ್ಟದ್ದೋ, ತಮ್ಮ ಮೇಜಿನ ಫೋನಿನ ಸಂಖ್ಯೆಯೋ ಹಾಗೆಯೇ ಇರುತ್ತದೆ. ಕೆಲಸ ಬಿಟ್ಟುಹೋದವರ ಪೆಟ್ಟಿಗೆಗಳಂತೂ ಹೇಳುಕೇಳುವವರಿಲ್ಲದೆ ಬಿದ್ದಿರುತ್ತವೆ. ಹಲವು ಕಚೇರಿಗಳ ವ್ಯವಸ್ಥೆಯಲ್ಲಿ ಪೆಟ್ಟಿಗೆಯೊಳಗೆ ಹೊಕ್ಕವನು ಅಲ್ಲಿಂದಲೇ ಹೊರಗಿನ ಊರಿಗೆ ಕರೆ ಮಾಡಬಹುದು. ದೂರದ ದೇಶಗಳಿಗೆ ರಾತ್ರಿಯಿಡೀ ಹೋದ ಕರೆಗಳ ದರವು ಕಚೇರಿಯ ತಲೆಗೆ ಬರುತ್ತದೆ. ಸಣ್ಣ ವ್ಯಾಪಾರಿಗೆ ಇದೊಂದೇ ಪೆಟ್ಟು ಸಾಕು. ಇನ್ನೊಂದು ಉಪಾಯವಂತೂ ನಗೆ ತರಿಸುವಂಥದು. ಕಳ್ಳನು ಪೆಟ್ಟಿಗೆಯ ಸ್ವಾಗತವಾಕ್ಯವನ್ನು ಅಳಿಸಿ, ‘ಹೌದು, ಹೌದು, ದರವನ್ನು ನಾನೇ ಕೊಡುತ್ತೇನೆ’ ಎಂದು ಮುದ್ರಿಸಿಡುತ್ತಾನೆ. ಕರೆಸಿಕೊಂಡವರೇ ದರ ಕೊಡುವ ಬಗೆಯ ಕರೆಯನ್ನು ಬಳಿಕ ಆ ಸಂಖ್ಯೆಗೆ ಮಾಡಿದರೆ, ಒಪ್ಪಿಗೆಯೇ ಎಂದು ಕೇಳುವ ಯಂತ್ರಕ್ಕೆ ಯಂತ್ರವೇ ಒಪ್ಪಿಗೆ ಕೊಡುತ್ತದೆ!

ನಗೆ ತರಿಸದ ಪ್ರಸಂಗಗಳೂ ಉಂಟು. ಇಂಗ್ಲೆಂಡಿನ ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆಗಾಗಿ ರಾಜಮನೆತನದವರ ಪರಿಜನರ, ಗಣ್ಯರ, ಕೊನೆಗೆ ಕೊಲೆಗೀಡಾದ ಒಬ್ಬ ಬಾಲಕಿಯ ಧ್ವನಿ ಅಂಚೆಯನ್ನು ಕೂಡ ಕದ್ದು ಕೇಳಲಾಯಿತು. ಇದಕ್ಕೆ ಯಾವ ಅಸಾಧಾರಣ ವಿದ್ಯೆಯೂ ಬೇಕಾಗಿರಲಿಲ್ಲ. ಬದಲಾಯಿಸದ ಗುಪ್ತಸಂಖ್ಯೆಗಳೇ ಬಹಳ ಕಡೆ ಸಾಕಾದವು. ೨೦೦೭ರಲ್ಲಿ ಇಬ್ಬರು ಜೈಲಿಗೆ ಹೋದರು. ಬಾಲಕಿಯ ಸಂಗತಿ ಬಯಲಾದೊಡನೆ, ೧೬೮ ವರ್ಷ ನಡೆದಿದ್ದ ಆ ಪತ್ರಿಕೆ ೨೦೧೧ರ ಜುಲೈನಲ್ಲಿ ಮುಚ್ಚಿಹೋಯಿತು.

ಗುಪ್ತಸಂಖ್ಯೆಯನ್ನು ಊಹಿಸುವುದರಲ್ಲಿಯೂ ಒಂದು ಗಣಿತವಿದೆ. ಮನೆಗಳಲ್ಲಿದ್ದ ಕೆಲವು ಹಳೆಯ ಉತ್ತರಯಂತ್ರಗಳು ಅಂಕೆಗಳ ಹರಿವನ್ನು ಎಡೆಬಿಡದೆ ಕೇಳುತ್ತಾ, ಅದರಲ್ಲಿ ಎಲ್ಲಿಯಾದರೂ ಸರಿಯಾದ ಸಂಖ್ಯೆ ಬಂದೊಡನೆ ಬಾಗಿಲು ತೆರೆಯುತ್ತಿದ್ದವು. ಇಂಥ ಯಂತ್ರಕ್ಕೆ ನಾಲ್ಕಂಕಿಯ ಹತ್ತು ಸಾವಿರ ಸಂಖ್ಯೆಗಳನ್ನೂ ಕೇಳಿಸಬೇಕಾದರೆ ೪೦,೦೦೦ ಅಂಕೆಗಳನ್ನು ಒತ್ತಬೇಕೆ? ಬೇಡ. ನಮ್ಮ ಛಂದಸ್ಸಿನ ಪಾಠವನ್ನು ನೆನಪಿಗೆ ತಂದುಕೊಳ್ಳಿ. ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರದಲ್ಲಿ ಇರುವುದು ಹತ್ತೇ ಅಕ್ಷರ. ‘ಯಮಾತಾ’ ಎಂದರೆ ಯಗಣ, ‘ಮಾತಾರಾ’ ಎಂದರೆ ಮಗಣ. ಹೀಗೆ ಒಂದೊಂದೇ ಅಕ್ಷರ ಮುಂದೆ ಸರಿದರೆ ಗುರುಲಘುಗಳ ಎಂಟು ಗಣಗಳೂ ಒಂದೊಂದು ಸಲ ಬಂದುಬಿಡುತ್ತವೆ. ಬಿಡಿಯಾಗಿ ಬರೆದರೆ ಬೇಕಾಗುವುದು ಇಪ್ಪತ್ತನಾಲ್ಕು ಅಕ್ಷರ. ಇಂಥ ಮಾಲೆಗಳನ್ನು ಇಂದಿನ ಗಣಿತಜ್ಞರು ಹಾಲೆಂಡಿನ ಡಿ ಬ್ರೂಯಿನ್ ಎಂಬ ವಿದ್ವಾಂಸನ ಹೆಸರಿನಿಂದ ಕರೆಯುತ್ತಾರೆ. ಇದೇ ಕ್ರಮದಲ್ಲಿ ಹೆಣೆದರೆ ನಾಲ್ಕಂಕಿಯ ಸಂಖ್ಯೆಗಳೆಲ್ಲವೂ ೧೦,೦೦೩ ಅಂಕೆಗಳ ಮಾಲೆಯಲ್ಲಿ ಅಡಗುತ್ತವೆ. ಸೆಕೆಂಡಿಗೆ ಹತ್ತು ಅಂಕೆಗಳಂತೆ ಒತ್ತುವ ಯಂತ್ರಕ್ಕೆ ಹದಿನೇಳು ನಿಮಿಷಗಳ ಕೆಲಸ. ಎರಡೇ ಅಂಕಿಯ ಗುಪ್ತಸಂಖ್ಯೆಯಾದರೆ ೧೦೧ ಅಂಕೆಗಳು, ಹತ್ತೇ ಸೆಕೆಂಡು. ತಪ್ಪು ಸಂಖ್ಯೆ ಬಂದಾಗ ಮೊದಲಿನಿಂದ ಎಣಿಸಬೇಕು, ಮೂರು ಸಲ ತಪ್ಪಿದರೆ ಕರೆಯನ್ನೇ ಕಡಿಯಬೇಕು ಎಂಬ ಎರಡು ನಿಯಮಗಳನ್ನು ಸೇರಿಸಿದರೆ ಈ ಮಾಲೆಯ ಆಟ ನಿಲ್ಲುತ್ತದೆ.

ಇಂದು ಧ್ವನಿ ಅಂಚೆಯನ್ನು ಕೇಳುವವರು ಕಡಮೆಯಾದರೂ ಅದರ ಬಾಗಿಲಿನ ಬೆಲೆ ಏರಿದೆ. ಅಂತರಜಾಲದ ಹಲವು ಸೇವೆಗಳು ಗುಪ್ತಪದ ಮರೆತವರಿಗೆ ಫೋನು ಮಾಡಿ, ಹೊಸ ಸಂಕೇತವನ್ನು ಓದಿ ಹೇಳುತ್ತವೆ. ಫೋನನ್ನು ಎತ್ತುವವರಿಲ್ಲದಿದ್ದರೆ ಆ ಸಂಕೇತವು ಧ್ವನಿ ಅಂಚೆಯೊಳಗೆ ಬೀಳುತ್ತದೆ. ಮಾರ್ಟಿನ್ ವಿಗೊ ಎಂಬ ಸಂಶೋಧಕನು ೨೦೧೮ರ ಆಗಸ್ಟಿನಲ್ಲಿ ಲಾಸ್ ವೇಗಸ್ ನಗರದ ಡೆಫ್‌ಕಾನ್ ಸಮ್ಮೇಳನದಲ್ಲಿ ಇದನ್ನು ಬಹಿರಂಗವಾಗಿ ತೋರಿಸಿದನು. ಎದುರಿಗಿರುವುದು ಮನುಷ್ಯನೇ ಎಂದು ಖಚಿತಪಡಿಸಿಕೊಳ್ಳಲು ಕೆಲವು ಸೇವೆಗಳು ಗುಂಡಿ ಒತ್ತಿರೆಂದು ಕೇಳುತ್ತಿದ್ದವು. ಅದಕ್ಕೂ ಅವನಲ್ಲಿ ಉಪಾಯವಿದ್ದಿತು: ಆ ಗುಂಡಿಯ ನಾದವನ್ನೇ ಪೆಟ್ಟಿಗೆಯ ಸ್ವಾಗತವಾಕ್ಯವಾಗಿ ಮುದ್ರಿಸಿಟ್ಟನು. ಯಂತ್ರವು ನಾದವನ್ನು ಕೇಳಿತು. ಯಾರೋ ಗುಂಡಿ ಒತ್ತಿದರೆಂದು ನಂಬಿ ಮುಂದುವರಿಯಿತು.