ಸ್ಕೀಯೋ ಸ್ಲೆಡ್ಡೋ: ಮನಾಲಿಗೆ ಹೊರಟ ರೂಪನಗುಡಿಯವರಿಗೆ

ಬಳ್ಳಾರಿ ಕಡೆಯ ರೂಪನಗುಡಿಯ ನಮ್ಮಕ್ಕನ ಮನೆಯವರು ಸಂಕ್ರಾಂತಿ ಆದ ಮೇಲೆ ಮನಾಲಿಗೆ ಹೊರಟಿದ್ದಾರೆ. ಹತ್ತು ವರ್ಷದ ಅಳಿಯ ದಿನಕ್ಕೊಮ್ಮೆ ಫೋನು ಮಾಡುತ್ತಾನೆ: “ಮಾಮಾ, ಸ್ಕೀ ಮಾಡ್ಲೋ, ಸ್ಲೆಡ್ ಹತ್ಲೋ?” ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ ಅವನ ತಲೆ ಕೆಡಿಸಿದ್ದಾರೆ. ಆ ಮಾತುಗಳನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಸ್ಲೆಡ್ ಮಕ್ಕಳಾಟ, ಅಪಾಯವೆಲ್ಲ ಸ್ಕೀಯಲ್ಲೇ.

ವಾಸ್ತವ: ಗುಡ್ಡದ ಜಾರುಬಂಡೆಯ ಮೇಲೆ ಗೋಣಿಚೀಲ ಹಾಸಿಕೊಂಡು ಜಾರಿದವರಿಗೆ ಇದು ಗೊತ್ತು: ಒಮ್ಮೆ ಹೊರಟರೆ ನಡುವೆ ನಿಲ್ಲಲು ಬರುವುದಿಲ್ಲ. ಸ್ಲೆಡ್ಡೂ ಹಾಗೆಯೇ. ತಟ್ಟೆಯಂಥ ದುಂಡನೆಯ ಪ್ಲಾಸ್ಟಿಕ್ ಸ್ಲೆಡ್ ಗಿರ್ರನೆ ತಿರುಗಿ ಬೆನ್ನು ಮುಂದಾಗಿ ಹೋಗುತ್ತದೆ. ಎದುರಿಗೆ ಮರವಿದ್ದರೂ ಹತ್ತಿದವನಿಗೆ ಕಾಣದು. ತಲೆಗೆ ಪೆಟ್ಟಾಗುವುದು ಹೀಗೆ. ಇದೇ ಆಟದ ಒಲಿಂಪಿಕ್ ರೂಪ ಲೂಜ್. ಅದರಲ್ಲಿ ವೇಗ ಗಂಟೆಗೆ 130 ಕಿ.ಮೀ. ದಾಟುತ್ತದೆ, ಬ್ರೇಕ್ ಇರುವುದಿಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ ಜಾರ್ಜಿಯಾದ ನೋದಾರ್ ಕುಮಾರಿತಾಶ್ವಿಲಿ ಲೂಜ್ ಅಭ್ಯಾಸದಲ್ಲಿ ಪ್ರಾಣ ಬಿಟ್ಟರು.

ಸ್ಕೀ ತೊಟ್ಟವನಿಗೆ ನಿಲ್ಲುವ ದಾರಿ ಇದೆ. ಮೊದಲ ದಿನ ಕಲಿಸುವುದೇ ಅದನ್ನು: ಎರಡೂ ಹಲಗೆಗಳ ಮುಂತುದಿ ಹತ್ತಿರ ತಂದು, ಹಿಮ್ಮಡಿ ಹೊರಕ್ಕೆ ಒತ್ತಬೇಕು. ಒಳಅಂಚು ಹಿಮವನ್ನು ಕೆರೆಯುತ್ತಾ ಗರಗರ ಸದ್ದು ಮಾಡುತ್ತದೆ, ವೇಗ ತಗ್ಗುತ್ತದೆ. ಹಾಗಂತ ಸ್ಕೀಯಲ್ಲಿ ಪೆಟ್ಟಾಗದು ಎಂದಲ್ಲ. ಮೊಣಕಾಲಿನ ತಿರುಚುಗಾಯ ಅಲ್ಲಿ ಸಾಮಾನ್ಯ.

ನನ್ನ ಅಭಿಪ್ರಾಯ ಕೇಳಿದರೆ, ಒಂದೇ ದಿನ ಕೈಯಲ್ಲಿದ್ದರೆ ಸ್ಲೆಡ್ ಸಾಕು. ಆದರೆ ಕೂತೇ ಜಾರಬೇಕು, ಕಾಲು ಮುಂದಿರಬೇಕು, ಹೆಲ್ಮೆಟ್ ಹಾಕಲೇಬೇಕು. ಇಳಿಜಾರಿನ ಕೊನೆಯಲ್ಲಿ ರಸ್ತೆ, ಮರ, ಕಲ್ಲು ಇರದ ಬಯಲನ್ನೇ ಹುಡುಕಬೇಕು. ಆಟ ಕಲಿಯುವ ಆಸೆಯಿದ್ದರೆ ಮಾತ್ರ ಸ್ಕೀ. ಬಾಡಿಗೆ ಬೂಟು ಹೊಂದಿಸಿಕೊಂಡು, ಎದ್ದು ಬಿದ್ದು ಮಾಡುವಷ್ಟರಲ್ಲೇ ಒಂದು ದಿನ ಮುಗಿದುಹೋಗುತ್ತದೆ.

ತಪ್ಪು ಕಲ್ಪನೆ: ಬಳ್ಳಾರಿ ಬಿಸಿಲಲ್ಲಿ ಬೆಳೆದವರಿಗೆ ಹಿಮದಾಟ ಒಗ್ಗದು.

ವಾಸ್ತವ: ಕೊಡಗಿನಲ್ಲಿ ಹಿಮ ಬೀಳುತ್ತದೆಯೇ? ಆ ನೆಲದ ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. ಅವರದು ಕ್ರಾಸ್‌ಕಂಟ್ರಿ ಸ್ಕೀ. ಬೆಟ್ಟದಿಂದ ಧುಮುಕುವ ಆಟವಲ್ಲ, ಏರು, ಇಳಿಜಾರು, ಸಮತಟ್ಟು ಎನ್ನದೆ ಕೈಕಾಲಿನ ಬಲದಿಂದ ಕ್ರಮಿಸುವ ಓಟ. ನಮ್ಮಲ್ಲಿ ಸ್ಕೀ ಎಂದರೆ ಬರೀ ಜಿಗಿತ ಎಂದುಕೊಂಡವರು ಇದನ್ನು ಒಮ್ಮೆ ನೋಡಬೇಕು. ಉಸಿರಿನ ಕಸುವಿದ್ದ ಹಳ್ಳಿಯ ಓಟಗಾರರಿಗೆ ಹೇಳಿ ಮಾಡಿಸಿದ ಆಟ. ಇದರ ಆಟಗಾರರು ಹಿಮವಿಲ್ಲದ ತಿಂಗಳಲ್ಲಿ ಗಾಲಿ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ. ಮನಾಲಿ ಕಡೆಯವರೇ ಆದ ಶಿವ ಕೇಶವನ್ ಕೂಡ ಲೂಜಿಗೆ ಗಾಲಿ ಜೋಡಿಸಿ ಘಟ್ಟದ ರಸ್ತೆಯಲ್ಲಿ ಇಳಿದರು; 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್ ಆಡಿದರು.

ತಪ್ಪು ಕಲ್ಪನೆ: ಚಳಿಗೆ ನಮ್ಮೂರ ದಪ್ಪ ಜೀನ್ಸ್ ಇದ್ದರಾಯಿತು.

ವಾಸ್ತವ: ಬಳ್ಳಾರಿ ಜೀನ್ಸ್ ಎಷ್ಟು ಹೆಸರುವಾಸಿಯಾದರೂ ಹಿಮಕ್ಕೆ ಬೇಡ. ಹತ್ತಿಬಟ್ಟೆ ನೀರು ಹೀರುತ್ತದೆ. ಎರಡು ಸಲ ಬಿದ್ದೆದ್ದರೆ ಮೊಣಕಾಲಿನ ಹತ್ತಿರ ತೊಯ್ದು, ಗಾಳಿಗೆ ರಟ್ಟಿನಂತೆ ಸೆಟೆಯುತ್ತದೆ. ಕುರಿಯುಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಕಂಬಳಿ ಹೊದ್ದು ಮಳೆಯಲ್ಲಿ ನಿಲ್ಲುವ ನಮ್ಮ ಕುರಿಗಾಹಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ಉಣ್ಣೆ, ಮೇಲೆ ನೀರು ಇಳಿಯದ ಪ್ಯಾಂಟು. ಮೇಲಿನದು ಅಲ್ಲೇ ಬಾಡಿಗೆಗೆ ಸಿಗುತ್ತದೆ.

“ಬಿಸಿಲು ನಮಗೇನು ಹೊಸದಾ” ಎನ್ನುವುದೂ ತಪ್ಪು. ಹೊಸ ಹಿಮವು ನೇರಳಾತೀತ ಕಿರಣಗಳ 80%ರಷ್ಟನ್ನು ಮೇಲಕ್ಕೆ ಎಸೆಯಬಲ್ಲದು. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಹತ್ತಿರ ಸುಡುತ್ತದೆ; ಕಣ್ಣು ಉರಿದು ರಾತ್ರಿ ನಿದ್ದೆ ಬರುವುದಿಲ್ಲ. ಕಪ್ಪು ಕನ್ನಡಕ ದೊಡ್ಡವರಿಗಷ್ಟೇ ಅಲ್ಲ, ಅಳಿಯನಿಗೂ ಬೇಕು.